ನೆಲದ ಮೇಲೆ ಬೀಳುವ ಟೋಪಿ ಆಕಾಶದಲ್ಲಿ ಏಕೆ ಬೀಳುವುದಿಲ್ಲ?

ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯ ನೀರಿನ ರಾಕೆಟ್ಟಿನ ಬರಹವನ್ನು ಓದಿ, ಮಾಡಿ, ಹಾರಿಸಿ, ಮುರಿದುಕೊಂಡು ಪತ್ರ ಬರೆದವರು ಹಲವರಿದ್ದಾರೆ. ಆ ಬರಹವನ್ನು ಓದದವರಿಗಾಗಿ ಎರಡು ಮಾತು: ತಂಪು ಪಾನೀಯದ ಬಾಟಲಿಯಲ್ಲಿ ಮೂರನೇ ಒಂದು ಭಾಗಕ್ಕಿಂತ ತುಸು ಕಡಿಮೆ ನೀರು ತುಂಬಿ, ಬಾಯಿ ಕೆಳಗೆ ಮಾಡಿ ಪೀಠದ ಅರ್ಧ ಇಂಚಿನ ಪಿವಿಸಿ ಪೈಪಿಗೆ ಸಿಕ್ಕಿಸಿ, ಸೈಕಲ್ ಪಂಪಿನಿಂದ ಗಾಳಿ ಹೊಡೆದು ಬಿಟ್ಟರೆ, ಒಳಗೆ ಒತ್ತಿಕೊಂಡಿರುವ ಗಾಳಿ ನೀರನ್ನು ರಭಸದಿಂದ ಕೆಳಕ್ಕೆ ಚಿಮ್ಮಿಸುತ್ತದೆ ಮತ್ತು ಅದರ ಪ್ರತಿಕ್ರಿಯೆಯಾಗಿ ಬಾಟಲಿ ಮೇಲಕ್ಕೆ ಹಾರುತ್ತದೆ. ಹಾರಿಸುವುದು ಸುಲಭ, ಇಳಿಸುವುದೇ ಕಷ್ಟ ಎಂಬುದು ಬಂದ ಪತ್ರಗಳೆಲ್ಲದರ ಒಟ್ಟು ದೂರು. ಆದ್ದರಿಂದ ಈ ಬಾರಿ ಪ್ಯಾರಾಚೂಟಿನ ಪ್ರಶ್ನೆಗಳನ್ನೇ ಆಯ್ದುಕೊಂಡಿದ್ದೇನೆ.

ಪ್ರಶ್ನೆ: ನಾನು ಮುಳಬಾಗಿಲು ತಾಲ್ಲೂಕಿನ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಒಂಬತ್ತನೇ ತರಗತಿಯ ಮಕ್ಕಳೊಂದಿಗೆ ಸೇರಿ ಎರಡು ಲೀಟರಿನ ಬಾಟಲಿಯ ರಾಕೆಟ್ ಮಾಡಿದೆವು. ಇನ್ನೊಂದು ಬಾಟಲಿಯ ಮೇಲ್ಭಾಗವನ್ನು ಕತ್ತರಿಸಿ ಟೋಪಿಯಂತೆ ತಲೆಯ ಮೇಲೆ ಕೂರಿಸಿ, ಅದರೊಳಗೆ ಪ್ಲಾಸ್ಟಿಕ್ ಹಾಳೆಯ ಪ್ಯಾರಾಚೂಟನ್ನು ಮಡಿಸಿಟ್ಟೆವು. ನೆಲದ ಮೇಲೆ ರಾಕೆಟ್ಟನ್ನು ತಲೆಕೆಳಗಾಗಿ ಹಿಡಿದರೆ ಪ್ರತಿ ಸಲವೂ ಟೋಪಿ ತಾನಾಗಿ ಕಳಚಿ ಬೀಳುತ್ತದೆ, ಪ್ಯಾರಾಚೂಟು ಹೊರಬರುತ್ತದೆ. ಹಾರಿಸಿದಾಗ ಮಾತ್ರ ಹನ್ನೊಂದು ಸಲದಲ್ಲಿ ಎರಡೇ ಸಲ ತೆರೆದುಕೊಂಡಿತು. ಉಳಿದ ಒಂಬತ್ತು ಸಲವೂ ರಾಕೆಟ್ಟು ಟೋಪಿ ಹಾಕಿಕೊಂಡೇ ಬಂದು ನೆಲಕ್ಕೆ ಗುದ್ದಿತು. ಟೋಪಿಯನ್ನು ಇನ್ನೂ ಸಡಿಲ ಮಾಡಬೇಕೇ, ಅಥವಾ ಸುಲಭವಾಗಿ ಬೀಳಲೆಂದು ಅದರ ತೂಕ ಹೆಚ್ಚಿಸಬೇಕೇ? ಮಕ್ಕಳು ಎರಡು ಪಕ್ಷವಾಗಿ ವಾದ ಮಾಡುತ್ತಿದ್ದಾರೆ.

ಉತ್ತರ: ಎರಡೂ ಪಕ್ಷದವರು ಸೋತಿದ್ದಾರೆಂದು ಹೇಳಬೇಕಾಗಿದೆ, ಆದರೆ ಅವರು ಸೋತಿರುವುದು ಒಂದು ಒಳ್ಳೆಯ ಪ್ರಶ್ನೆಯ ಮುಂದೆ. ನೆಲದ ಮೇಲೆ ನೀವು ಮಾಡಿದ ಪರೀಕ್ಷೆಯಲ್ಲಿ ರಾಕೆಟ್ಟಿನ ಒಡಲನ್ನು ನಿಮ್ಮ ಕೈ ಹಿಡಿದುಕೊಂಡಿತ್ತು, ಟೋಪಿಯನ್ನು ಯಾರೂ ಹಿಡಿದಿರಲಿಲ್ಲ. ಭೂಮಿ ಎರಡನ್ನೂ ಎಳೆಯುತ್ತಿದ್ದರೂ ಕೈಯಲ್ಲಿದ್ದದ್ದು ಉಳಿಯಿತು, ಕೈಯಲ್ಲಿಲ್ಲದ್ದು ಬಿತ್ತು. ಆಕಾಶದಲ್ಲಿ ಒಡಲನ್ನು ಹಿಡಿಯುವ ಕೈ ಇಲ್ಲ. ಅಲ್ಲಿ ಒಡಲೂ ಬೀಳುತ್ತಿರುತ್ತದೆ, ಟೋಪಿಯೂ ಬೀಳುತ್ತಿರುತ್ತದೆ, ಮತ್ತು ತೂಕ ಎಷ್ಟೇ ಇರಲಿ ಎರಡೂ ಒಂದೇ ಪ್ರಮಾಣದಲ್ಲಿ ವೇಗ ಪಡೆಯುತ್ತವೆ. ಜೊತೆಯಲ್ಲೇ ಬೀಳುವ ಎರಡು ವಸ್ತುಗಳಲ್ಲಿ ಒಂದು ಇನ್ನೊಂದರಿಂದ ಕಳಚಿಕೊಳ್ಳಲು ತೂಕವೊಂದೇ ಕಾರಣವಾಗಲಾರದು.

ಇದನ್ನು ತರಗತಿಯಲ್ಲೇ ತೋರಿಸಬಹುದು. ಸಡಿಲ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಬೋರಲು ಹಿಡಿಯಿರಿ. ಮುಚ್ಚಳ ಕೆಳಗೆ ಬೀಳುತ್ತದೆ. ಈಗ ಮುಚ್ಚಳಕ್ಕೆ ಅಂಗೈ ಕೊಟ್ಟು ಮತ್ತೆ ಬೋರಲು ಹಿಡಿದು, ಡಬ್ಬಿಯನ್ನು ಬಿಟ್ಟ ಕ್ಷಣದಲ್ಲೇ ಅಂಗೈಯನ್ನೂ ಸರಕ್ಕನೆ ಕೆಳಗೆ ಎಳೆದುಕೊಳ್ಳಿ. ಡಬ್ಬಿಯೂ ಮುಚ್ಚಳವೂ ಅಂಟಿಕೊಂಡಂತೆಯೇ ಒಟ್ಟಿಗೆ ನೆಲ ಮುಟ್ಟುತ್ತವೆ. ಮೊದಲ ಒಂದೆರಡು ಸಲ ಕೈ ತಡವಾಗಬಹುದು, ಐದಾರು ಸಲ ಮಾಡಿದರೆ ಹಿಡಿತ ಸಿಗುತ್ತದೆ. ನಿಮ್ಮ ರಾಕೆಟ್ಟಿನ ಟೋಪಿಗೆ ಆಗುತ್ತಿರುವುದು ಇದೇ.

ಇದರ ಮೇಲೆ ಗಾಳಿಯ ಕಾಟ ಬೇರೆ. ತುತ್ತತುದಿ ಮುಟ್ಟಿದ ರಾಕೆಟ್ಟು ಮೂತಿ ಕೆಳಗೆ ಮಾಡಿ ಬೀಳತೊಡಗಿದ ಮೇಲೆ ಎದುರು ಗಾಳಿ ಟೋಪಿಯ ಮೂತಿಗೇ ಹೊಡೆದು, ಅದನ್ನು ಒಡಲಿನ ಕಡೆಗೆ ಇನ್ನಷ್ಟು ಒತ್ತುತ್ತದೆ. ಟೋಪಿಯನ್ನು ಎಷ್ಟು ಸಡಿಲ ಮಾಡಿದರೂ ಈ ಒತ್ತಡ ಕಡಿಮೆಯಾಗುವುದಿಲ್ಲ. ಇನ್ನು ತೂಕ ಹೆಚ್ಚಿಸಿದರೆ ಬೇರೆಯೇ ತೊಂದರೆ ಹುಟ್ಟುತ್ತದೆ. ನೀರೆಲ್ಲ ಚಿಮ್ಮಿ ಮುಗಿದ ಕ್ಷಣದಲ್ಲಿ ರಾಕೆಟ್ಟಿನ ವೇಗ ಅತಿ ಹೆಚ್ಚು, ಆಗಲೇ ರೆಕ್ಕೆಗಳ ಮೇಲೆ ಗಾಳಿಯ ತಡೆಯೂ ಅತಿ ಹೆಚ್ಚು. ಬ್ರೇಕ್ ಬಿದ್ದ ಬಸ್ಸಿನಲ್ಲಿ ನಿಂತವರು ಮುಂದಕ್ಕೆ ಮುಗ್ಗರಿಸುವಂತೆ ಭಾರವಾದ ಟೋಪಿ ಒಡಲನ್ನು ಬಿಟ್ಟು ಮುಂದಕ್ಕೆ ಹೋಗುತ್ತದೆ, ಮತ್ತು ಪ್ಯಾರಾಚೂಟು ತೆರೆಯಬಾರದ ಹೊತ್ತಿನಲ್ಲಿ ತೆರೆದು ಹರಿದುಹೋಗುತ್ತದೆ.

ಹಾಗಾದರೆ ಆ ಎರಡು ಸಲ ಹೇಗೆ ತೆರೆಯಿತು? ಬಹುಶಃ ಆ ಎರಡು ಸಲ ರಾಕೆಟ್ಟು ನೆಟ್ಟಗೆ ಮೇಲೇರಿ, ತುದಿಯಲ್ಲಿ ತಕ್ಷಣ ಮಗುಚಿಕೊಳ್ಳದೆ, ಬಾಲ ಮುಂದಾಗಿ ಸ್ವಲ್ಪ ದೂರ ಹಿಂದಕ್ಕೆ ಜಾರಿರಬೇಕು. ಹಾಗೆ ಜಾರುವಾಗ ಗಾಳಿ ಕೆಳಗಿನಿಂದ ಬಂದು ಹಗುರವಾದ ಟೋಪಿಯ ಅಂಚಿಗೆ ತಗುಲಿ ಅದನ್ನು ಎತ್ತುತ್ತದೆ. ಮೊಬೈಲಿನಲ್ಲಿ ಚಿತ್ರೀಕರಿಸಿದ್ದರೆ ನಿಧಾನವಾಗಿ ಓಡಿಸಿ ನೋಡಿ. ಟೋಪಿಯ ವಿಧಾನದಿಂದ ಯಶಸ್ಸು ಕಂಡವರು ಅನೇಕರಿದ್ದಾರೆ, ಅವರಲ್ಲಿ ಹೆಚ್ಚಿನವರಿಗೆ ಗೆಲುವು ತಂದುಕೊಟ್ಟಿರುವುದು ಈ ಹಿಂಜಾರಿಕೆಯೇ. ಹನ್ನೊಂದಕ್ಕೆ ಎರಡು ಎಂಬ ಲೆಕ್ಕವನ್ನು ನಂಬಿ ನಾನಂತೂ ಮಕ್ಕಳ ನಡುವೆ ರಾಕೆಟ್ ಹಾರಿಸುವುದಿಲ್ಲ.

ಬೇಕಾಗಿರುವುದು ತೂಕವನ್ನೂ ಗಾಳಿಯನ್ನೂ ನಂಬದೆ ಪ್ಯಾರಾಚೂಟನ್ನು ಹೊರಕ್ಕೆ ದೂಡುವ ಒಂದು ಬಲ, ಮತ್ತು ಆ ಬಲವನ್ನು ಸರಿಯಾದ ಕ್ಷಣದವರೆಗೆ ತಡೆದಿಡುವ ಒಂದು ಬೀಗ. ಇವೆರಡೂ ನಿಮ್ಮ ಊರಿನಲ್ಲೇ ಸಿಗುತ್ತವೆ. ಶಿವರಾತ್ರಿಯ ಆವಣಿ ಜಾತ್ರೆಯ ಅಂಗಡಿಗಳಲ್ಲಿ ಕೀಲಿ ಕೊಟ್ಟರೆ ಟಕಟಕ ಎಂದು ನಡೆಯುವ ಕೋಳಿ, ಕಪ್ಪೆಗಳ ಸಣ್ಣ ಆಟಿಕೆಗಳನ್ನು ನೋಡಿರುತ್ತೀರಿ. ಅಂಥ ಒಂದರ ಹೊರಮೈಯನ್ನು ಬಿಚ್ಚಿದರೆ ಬೆಂಕಿಪೊಟ್ಟಣದ ಅರ್ಧದಷ್ಟಿರುವ ಹಲ್ಲುಚಕ್ರದ ಪೆಟ್ಟಿಗೆ ಸಿಗುತ್ತದೆ. ನೀರಿನ ರಾಕೆಟ್ಟಿನವರು ಹಲವು ದೇಶಗಳಲ್ಲಿ ಬಹಳ ಕಾಲದಿಂದ ಬಳಸುತ್ತಿರುವ ಗಡಿಯಾರ ಇದೇ. ಬ್ಯಾಟರಿ ಬೇಡ, ತೂಕ ಕಡಿಮೆ, ಒದ್ದೆಯಾದರೂ ಒಣಗಿಸಿ ಮತ್ತೆ ಬಳಸಬಹುದು.

ಮಾಡುವ ಬಗೆ ಹೀಗೆ. ಟೋಪಿಯನ್ನು ಇನ್ನು ಮುಂದೆ ಅಂಟುಪಟ್ಟಿಯಿಂದ ಖಾಯಂ ಆಗಿ ಬಿಗಿಯಿರಿ; ಅದರ ಕೆಲಸ ಗಾಳಿಯನ್ನು ಸೀಳುವುದಷ್ಟೇ. ಟೋಪಿಗೂ ಒತ್ತಡದ ಬಾಟಲಿಗೂ ನಡುವೆ, ತಲೆ ಬುಡ ಕತ್ತರಿಸಿದ ಇನ್ನೊಂದು ಬಾಟಲಿಯ ಸುಮಾರು 20 ಸೆಂಟಿಮೀಟರ್ ಉದ್ದದ ಕೊಳವೆಯನ್ನು ಸೇರಿಸಿ. ಪ್ಯಾರಾಚೂಟಿನ ಕೋಣೆ ಅದು. ಕೋಣೆಯ ಪಕ್ಕದಲ್ಲಿ 8 ಸೆಂಟಿಮೀಟರ್ ಅಗಲ, 12 ಸೆಂಟಿಮೀಟರ್ ಎತ್ತರದ ಬಾಗಿಲನ್ನು ಮೂರು ಕಡೆ ಮಾತ್ರ ಕತ್ತರಿಸಿ, ಮೇಲಿನ ಅಂಚನ್ನು ಕತ್ತರಿಸದೆ ಬಿಜಾಗರಿಯಂತೆ ಉಳಿಸಿಕೊಳ್ಳಿ. ಕೆಳಗಿನ ಅಂಚನ್ನು ಬಿಜಾಗರಿ ಮಾಡಿದರೆ ಏರುವಾಗಿನ ಗಾಳಿ ಬಾಗಿಲ ಮೇಲಂಚಿನೊಳಗೆ ನುಗ್ಗಿ ಅದನ್ನು ಕಿತ್ತು ತೆರೆಯುತ್ತದೆ. ಮೇಲಿನ ಅಂಚಾದರೆ ಅದೇ ಗಾಳಿ ಬಾಗಿಲನ್ನು ಒತ್ತಿ ಮುಚ್ಚುತ್ತದೆ. ಉಳಿದ ಬಾಟಲಿಯಿಂದ ಎರಡು ಬೆರಳಗಲದ ಪಟ್ಟಿಯೊಂದನ್ನು ಕತ್ತರಿಸಿ, ಬಿಲ್ಲಿನಂತೆ ಬಾಗಿಸಿ ಕೋಣೆಯ ಹಿಂಬದಿಗೆ ಕೂರಿಸಿ. ಮಡಿಸಿದ ಪ್ಯಾರಾಚೂಟು ಆ ಬಿಲ್ಲಿಗೂ ಬಾಗಿಲಿಗೂ ನಡುವೆ ಒತ್ತಿಕೊಂಡು ಕೂರುತ್ತದೆ. ಬಾಗಿಲು ಬಿಡುಗಡೆಯಾದರೆ ಬಿಲ್ಲು ಅದನ್ನು ಹೊರಕ್ಕೆ ಚಿಮ್ಮುತ್ತದೆ. ಇದು ನಾವು ಹುಡುಕುತ್ತಿದ್ದ ಬಲ.

ಇನ್ನು ಬೀಗ. ಬಾಗಿಲ ಮೇಲಿಂದ ಹಾಯುವಂತೆ ಕೊಳವೆಯ ಸುತ್ತ ಒಂದು ರಬ್ಬರ್ ಬ್ಯಾಂಡ್ ಎಳೆದು, ಒಂದು ತುದಿಯನ್ನು ಕೊಳವೆಗೆ ಭದ್ರವಾಗಿ ಕಟ್ಟಿ. ಇನ್ನೊಂದು ತುದಿಯ ಕುಣಿಕೆಯನ್ನು, ಆಟಿಕೆಯ ಅಚ್ಚಿಗೆ ಸಿಕ್ಕಿಸಿದ ಸಣ್ಣ ತಂತಿಯ ಕೊಕ್ಕೆಗೆ ಹಾಕಿ. ಅಚ್ಚಿನ ತುದಿ ಕೊಳವೆಯ ಹೊರಗೆ ಬರುವಂತೆ ಪೆಟ್ಟಿಗೆಯನ್ನು ಒಳಗಿನಿಂದ ಕೂರಿಸಿರಬೇಕು. ಕೀಲಿ ಬಿಚ್ಚಿಕೊಳ್ಳುತ್ತಾ ಅಚ್ಚು ತಿರುಗಿ, ಕೊಕ್ಕೆಯ ತುದಿ ರಬ್ಬರಿನ ಎಳೆತದ ದಿಕ್ಕಿಗೆ ಬಂದ ಕೂಡಲೇ ಕುಣಿಕೆ ಜಾರುತ್ತದೆ, ಬಾಗಿಲು ತೆರೆಯುತ್ತದೆ. ಕೊಕ್ಕೆಯನ್ನು ಎಲ್ಲಿಂದ ಹೊರಡಿಸುತ್ತೀರಿ ಎಂಬುದರ ಮೇಲೆ ಕಾಲಾವಧಿ ನಿಂತಿದೆ. ಹಾರುವ ಮೊದಲು ಕೊಕ್ಕೆ ತಿರುಗದಂತೆ ಊದುಬತ್ತಿಯ ಕಡ್ಡಿಯೊಂದನ್ನು ಅಡ್ಡ ತೂರಿಸಿ, ಅದಕ್ಕೆ ದಾರ ಕಟ್ಟಿ, ದಾರದ ಇನ್ನೊಂದು ತುದಿಯನ್ನು ಪೀಠಕ್ಕೆ ಕಟ್ಟಿ. ರಾಕೆಟ್ಟು ಒಂದು ಅಡಿ ಏರುವಷ್ಟರಲ್ಲಿ ದಾರ ಬಿಗಿದು ಕಡ್ಡಿ ಹೊರಬರುತ್ತದೆ, ಅಲ್ಲಿಂದ ಗಡಿಯಾರ ಶುರು. ಕಡ್ಡಿ ಬೆಣ್ಣೆಯಲ್ಲಿ ಕೂದಲೆಳೆದಂತೆ ಬರಬೇಕು. ಬಿಗಿಯಾಗಿದ್ದರೆ ರಾಕೆಟ್ಟನ್ನೇ ಪಕ್ಕಕ್ಕೆ ಎಳೆದುಬಿಡುತ್ತದೆ.

ಎಷ್ಟು ಸೆಕೆಂಡು ಇಡಬೇಕು? ಮೊದಲು ಪ್ಯಾರಾಚೂಟಿಲ್ಲದೆ, ಆದರೆ ಅದರಷ್ಟೇ ತೂಕದ ರಾಗಿಯನ್ನು ಸಣ್ಣ ಚೀಲದಲ್ಲಿ ಕಟ್ಟಿ ಕೋಣೆಯಲ್ಲಿಟ್ಟು, ಮೂತಿಗೆ ಸ್ಪಂಜು ಸುತ್ತಿ, ಜನರಿಲ್ಲದ ಕಡೆ ಎರಡು ಮೂರು ಸಲ ಹಾರಿಸಿ. ದೂರದಿಂದ ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡು, ಪೀಠ ಬಿಟ್ಟ ಕ್ಷಣದಿಂದ ತುತ್ತತುದಿ ಮುಟ್ಟುವವರೆಗಿನ ಹೊತ್ತನ್ನು ಅಳೆಯಿರಿ. ನೀವು ಹೇಳಿದ ಅಳತೆಯ ರಾಕೆಟ್ಟು 60 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡು ಎಂಬ ಅಳತೆ) ಒತ್ತಡದಲ್ಲಿ ಸುಮಾರು 3 ಸೆಕೆಂಡಿನಲ್ಲಿ ಹೆಚ್ಚುಕಡಿಮೆ 40 ಮೀಟರ್ ಏರುತ್ತದೆ. ಅಳತೆ ಸೆಕೆಂಡಿನ ನೂರನೇ ಭಾಗದವರೆಗೆ ಕರಾರುವಾಕ್ಕಾಗಿರಬೇಕಾಗಿಲ್ಲ. ತುದಿಯಲ್ಲಿ ವೇಗ ಸೊನ್ನೆ. ಅಲ್ಲಿಂದ ಅರ್ಧ ಸೆಕೆಂಡು ಹಿಂದಾದರೂ ಮುಂದಾದರೂ ಮೇಲೆ ಕೆಳಗಿನ ವೇಗ ಸೆಕೆಂಡಿಗೆ ಸುಮಾರು 5 ಮೀಟರ್ ಮಾತ್ರ. ಅಂದರೆ ನಿಮಗೆ ಒಂದು ಸೆಕೆಂಡಿನ ಕಿಟಕಿಯಿದೆ, ಕೀಲಿ ಆಟಿಕೆಗೆ ಅಷ್ಟು ಸಾಕು.

ಕಿಟಕಿ ತಪ್ಪಿದರೆ ಏನಾಗುತ್ತದೆ ಎಂಬುದರ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿ. ನೀರು ಖಾಲಿಯಾದ ರಾಕೆಟ್ಟಿನ ತೂಕ 150 ಗ್ರಾಂ ಎಂದುಕೊಳ್ಳೋಣ. ಪ್ಯಾರಾಚೂಟು ಅದನ್ನು ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಇಳಿಸುತ್ತಿದ್ದರೆ, ಆ ವೇಗದಲ್ಲಿ ಗಾಳಿಯ ತಡೆ ಸರಿಯಾಗಿ 150 ಗ್ರಾಂ ತೂಕಕ್ಕೆ ಸಮ. ಇಲ್ಲದಿದ್ದರೆ ವೇಗ ಹೆಚ್ಚುತ್ತಿತ್ತು ಇಲ್ಲವೇ ಕುಗ್ಗುತ್ತಿತ್ತು. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ತುದಿಯಿಂದ ಎರಡೂವರೆ ಸೆಕೆಂಡು ತಡವಾಗಿ ತೆರೆದರೆ ರಾಕೆಟ್ಟು ಆಗಲೇ ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಬೀಳುತ್ತಿರುತ್ತದೆ. ವೇಗ ಐದು ಪಟ್ಟು, ಎಳೆತ ಇಪ್ಪತ್ತೈದು ಪಟ್ಟು: 150 ಗ್ರಾಮಿನ ಜಾಗದಲ್ಲಿ ಮುಕ್ಕಾಲು ಕಿಲೋ ಕೂಡಿದ ಮೂರು ಕಿಲೋ ತೂಕ ಆ ದಾರಗಳ ಮೇಲೆ ಒಮ್ಮೆಲೇ ಬೀಳುತ್ತದೆ. ಭಾರದ ಟೋಪಿ ಏರುವಾಗಲೇ, ಅಂದರೆ ಸೆಕೆಂಡಿಗೆ 30 ಮೀಟರ್ ವೇಗದಲ್ಲಿ ಕಳಚಿದರೆ ಎಳೆತ ಎಂಟು ಕಿಲೋ ದಾಟುತ್ತದೆ. ಪ್ಲಾಸ್ಟಿಕ್ ಹಾಳೆ ಏಕೆ ಚಿಂದಿಯಾಗುತ್ತದೆ ಎಂಬುದಕ್ಕೆ ಬೇರೆ ಉತ್ತರ ಬೇಕಿಲ್ಲ.

ಈ ಎಳೆತದ ಪೆಟ್ಟನ್ನು ಮೆತ್ತಗೆ ಮಾಡಲು ಪ್ಯಾರಾಚೂಟಿಗೂ ರಾಕೆಟ್ಟಿಗೂ ನಡುವೆ ದರ್ಜಿಗಳು ಬಳಸುವ ಎಲಾಸ್ಟಿಕ್ ಪಟ್ಟಿಯನ್ನು ಒಂದು ಮೀಟರ್‌ನಷ್ಟು ಕಟ್ಟಿ. ಅದನ್ನು ಕೋಣೆಯ ತೆಳು ಗೋಡೆಗೆ ಕಟ್ಟದೆ, ಒತ್ತಡದ ಬಾಟಲಿಯ ಸುತ್ತ ಸುತ್ತಿದ ದಾರಕ್ಕೆ ಕಟ್ಟಬೇಕು. ಬಾಟಲಿಗೆ ಬಿಸಿ ಅಂಟನ್ನು ಬಳಸಬೇಡಿ, ಆ ಬಿಸಿಗೆ ಪ್ಲಾಸ್ಟಿಕ್ ಸೊಟ್ಟಗಾಗಿ ಮುಂದೆ ಅಲ್ಲೇ ಒಡೆಯುತ್ತದೆ.

ಮಡಿಸುವುದರ ಬಗ್ಗೆ ನನ್ನದೇ ತಪ್ಪೊಂದನ್ನು ಹೇಳುತ್ತೇನೆ. ನನ್ನ ಮೊದಲ ಪ್ಯಾರಾಚೂಟನ್ನು ಅಚ್ಚುಕಟ್ಟಾಗಿರಲೆಂದು ಸುರುಳಿ ಸುತ್ತಿ, ದಾರಗಳನ್ನೆಲ್ಲ ಅದರ ಮೇಲೆ ಬಿಗಿಯಾಗಿ ಸುತ್ತಿಟ್ಟಿದ್ದೆ. ಬಾಗಿಲು ಸರಿಯಾದ ಹೊತ್ತಿಗೆ ತೆರೆಯಿತು, ಗಂಟು ಹೊರಬಂತು, ಮತ್ತು ಹಿಂಡಿದ ಒದ್ದೆ ಪಂಚೆಯಂತೆ ಸುರುಳಿಯಾಗಿಯೇ ನೆಲದವರೆಗೆ ಬಂದು ಸೇರಿತು. ಸರಿಯಾದ ಕ್ರಮವೆಂದರೆ, ಪ್ಯಾರಾಚೂಟಿನ ನಡುಮಧ್ಯವನ್ನು ಹಿಡಿದೆತ್ತಿ, ದಾರಗಳನ್ನು ಬಾಚಿದಂತೆ ಬಿಡಿಸಿ, ಬಟ್ಟೆಯನ್ನು ಸೀರೆಯ ನೆರಿಗೆಯಂತೆ ಮಡಿಸಿ, ಆ ಉದ್ದ ಮಡಿಕೆಯನ್ನು ಹಿಂದಕ್ಕೂ ಮುಂದಕ್ಕೂ ಎರಡು ಮೂರು ಸಲ ಮಡಚಿ ಇಡುವುದು. ದಾರಗಳನ್ನು ಸುತ್ತದೆ, ಅಂಕುಡೊಂಕಾಗಿ ಪೇರಿಸಿ ಕೊನೆಯಲ್ಲಿ ಇಡಬೇಕು. ಹಾಳೆ ಅಂಟಿಕೊಳ್ಳದಂತೆ ಸ್ವಲ್ಪ ಮುಖದ ಪೌಡರ್ ಉದುರಿಸಿ. ಹಾರಿಸುವ ದಿನವೇ ಮಡಿಸಿ. ಹಿಂದಿನ ವಾರ ಮಡಿಸಿಟ್ಟದ್ದು ಮಡಿಕೆಯಲ್ಲೇ ಹಟ ಹಿಡಿದು ಕೂರುತ್ತದೆ.

ಕೊನೆಯದಾಗಿ, ನೀರು ತುಂಬುವ ಮೊದಲು ಇಡೀ ವ್ಯವಸ್ಥೆಯನ್ನು ನೆಲದ ಮೇಲೆ ಹತ್ತು ಸಲ ಪರೀಕ್ಷಿಸಿ. ಈ ಬಾರಿ ತಲೆಕೆಳಗೆ ಹಿಡಿಯಬೇಡಿ. ರಾಕೆಟ್ಟನ್ನು ನೆಟ್ಟಗೆ ನಿಲ್ಲಿಸಿ, ಕಡ್ಡಿ ಎಳೆದು, ತೂಕದ ನೆರವಿಲ್ಲದೆ ಪ್ಯಾರಾಚೂಟು ಪಕ್ಕಕ್ಕೆ ಚಿಮ್ಮುತ್ತದೆಯೇ ನೋಡಿ. ರಬ್ಬರ್ ಹಾಕಿದ ಮೇಲೆ ಆಟಿಕೆ ತಿರುಗುವ ವೇಗ ಬದಲಾಗುತ್ತದೆಯಾದ್ದರಿಂದ ಸಮಯವನ್ನೂ ರಬ್ಬರ್ ಹಾಕಿಯೇ ಅಳೆಯಿರಿ. ಮುಂಭಾಗಕ್ಕೆ ತೂಕ ಸೇರಿದ್ದರಿಂದ ಹಾರಾಟ ಕೆಡುತ್ತದೆಂಬ ಭಯ ಬೇಡ. ತೂಕದ ಕೇಂದ್ರ ಮೂತಿಯ ಕಡೆ ಸರಿದಷ್ಟೂ ರಾಕೆಟ್ಟು ನೇರವಾಗಿಯೇ ಹೋಗುತ್ತದೆ.

ಪ್ರಶ್ನೆ: ನಮ್ಮದು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚಾಣಿಕೆಯ ಕುಟುಂಬ. ಮಗನ ರಾಕೆಟ್ಟಿಗೆ ರೇಷ್ಮೆಯದೇ ಪ್ಯಾರಾಚೂಟು ಮಾಡಿಕೊಡಬೇಕೆಂದು ಅವನ ಅಜ್ಜಿಯ ಆಸೆ. ಆಗುತ್ತದೆಯೇ? ಅಳತೆ ಎಷ್ಟಿರಬೇಕು?

ಉತ್ತರ: ಅಜ್ಜಿಯವರ ಆಸೆಗೆ ಇತಿಹಾಸದ ಬೆಂಬಲವಿದೆ. 1797ರ ಅಕ್ಟೋಬರ್ 22ರಂದು ಪ್ಯಾರಿಸ್ಸಿನಲ್ಲಿ ಆಂದ್ರೆ ಜಾಕ್ ಗಾರ್ನೆರಿನ್ ಬಲೂನಿನಿಂದ ಕಳಚಿಕೊಂಡು ಇಳಿದದ್ದು ರೇಷ್ಮೆಯ ಪ್ಯಾರಾಚೂಟಿನಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ನೈಲಾನ್ ಬಂದು ಆ ಸ್ಥಾನ ಕಿತ್ತುಕೊಳ್ಳುವವರೆಗೂ ಪ್ಯಾರಾಚೂಟೆಂದರೆ ರೇಷ್ಮೆಯೇ. ತೆಳು, ಗಟ್ಟಿ, ಮಡಿಸಿದರೂ ಕೂಡಲೇ ಬಿಚ್ಚಿಕೊಳ್ಳುವ ಗುಣ, ಇವು ಮೂರೂ ಅದಕ್ಕಿವೆ.

ಆದರೆ ಸೀರೆಗೆಂದು ನೇಯ್ದ ಬಟ್ಟೆ ಈ ಕೆಲಸಕ್ಕೆ ಭಾರ. ಒಳಪದರಕ್ಕೆ ಬಳಸುವಂಥ, ಬೆಳಕಿಗೆ ಹಿಡಿದರೆ ಕೈಯ ಗೆರೆ ಕಾಣುವಷ್ಟು ತೆಳ್ಳಗಿನ ರೇಷ್ಮೆ ಸಿಕ್ಕರೆ ಬಳಸಿ. ಸಿಗದಿದ್ದರೆ ಬಟ್ಟೆಯ ಜಾಗದಲ್ಲಿ ತೆಳುವಾದ ಕಸದ ಚೀಲದ ಹಾಳೆಯನ್ನು ತೆಗೆದುಕೊಂಡು, ದಾರಗಳನ್ನು ಮಾತ್ರ ನಿಮ್ಮ ಮನೆಯ ಹುರಿ ಮಾಡಿದ ರೇಷ್ಮೆಯಿಂದ ಮಾಡಿ. ಅಜ್ಜಿಯವರ ಮಾತೂ ಉಳಿಯುತ್ತದೆ. ಅಂಗಡಿಯ ಕೈಚೀಲದ ಪ್ಲಾಸ್ಟಿಕ್ ಬೇಡ. 2022ರ ಕೊನೆಯಿಂದ ಕೈಚೀಲಗಳು ಕನಿಷ್ಠ 120 ಮೈಕ್ರಾನ್ ದಪ್ಪವಿರಬೇಕೆಂಬ ನಿಯಮವಿರುವುದರಿಂದ ನಿಯಮದಂತೆ ಮಾಡಿದ ಚೀಲ ಒರಟಾಗಿರುತ್ತದೆ, ಸುಲಭವಾಗಿ ಅರಳುವುದಿಲ್ಲ. ರೇಷ್ಮೆ ದಾರದಲ್ಲಿ ಒಂದು ಎಚ್ಚರ: ನೈಲಾನಿನಂತೆ ತುದಿಯನ್ನು ಬೆಂಕಿಗೆ ಹಿಡಿದು ಕರಗಿಸಿ ಮುದ್ದೆ ಮಾಡಲು ಬರುವುದಿಲ್ಲ, ಅದು ಸುಟ್ಟು ಬೂದಿಯಾಗುತ್ತದೆ. ನುಣುಪಿನಿಂದಾಗಿ ಗಂಟೂ ಜಾರುತ್ತದೆ. ಎರಡು ಗಂಟು ಹಾಕಿ ಮೇಣ ಸವರಿ.

ಅಳತೆಗೆ ಬರೋಣ. ಚಪ್ಪಟೆ ಹಾಳೆಯ ಪ್ಯಾರಾಚೂಟಿನ ತಡೆಯ ಗುಣಾಂಕವನ್ನು, ಅಂದರೆ ಅದರ ಆಕಾರ ಗಾಳಿಯನ್ನು ಎಷ್ಟು ತಡೆಯುತ್ತದೆ ಎಂದು ಹೇಳುವ ಸಂಖ್ಯೆಯನ್ನು, ಸುಮಾರು 0.75 ಎಂದು ಹಿಡಿಯುವುದು ವಾಡಿಕೆ. ನಮ್ಮ ಕೋಲಾರ, ಚಿಕ್ಕಬಳ್ಳಾಪುರಗಳು ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿರುವುದರಿಂದ ಇಲ್ಲಿನ ಗಾಳಿ ತುಸು ತೆಳು. ಕಡಲ ತೀರದಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 1.2 ಕಿಲೋ ತೂಗಿದರೆ ಇಲ್ಲಿ ಸುಮಾರು 1.1 ಕಿಲೋ. ಇವನ್ನಿಟ್ಟು ಲೆಕ್ಕ ಹಾಕಿದರೆ, 150 ಗ್ರಾಮಿನ ರಾಕೆಟ್ಟು ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಇಳಿಯಲು 53 ಸೆಂಟಿಮೀಟರ್ ವ್ಯಾಸ ಬೇಕು, 5 ಮೀಟರ್ ವೇಗ ಸಾಕೆಂದರೆ 43 ಸೆಂಟಿಮೀಟರ್. ಸೆಕೆಂಡಿಗೆ 4 ಮೀಟರ್ ಎಂದರೆ ಊಟದ ಮೇಜಿನಿಂದ ಕೆಳಗೆ ಬಿದ್ದಷ್ಟೇ ಪೆಟ್ಟು. ಬಾಟಲಿ ಅದನ್ನು ತಾಳುತ್ತದೆ. ತೂಕ ಎರಡು ಪಟ್ಟಾದರೆ ವ್ಯಾಸವನ್ನು ಎರಡು ಪಟ್ಟು ಮಾಡಬೇಕಿಲ್ಲ, ಸುಮಾರು 1.4 ಪಟ್ಟು ಮಾಡಿದರೆ ಸಾಕು, ಏಕೆಂದರೆ ಕೆಲಸ ಮಾಡುವುದು ವಿಸ್ತೀರ್ಣ.

ಪೂರ್ತಿ ದುಂಡಗೆ ಕತ್ತರಿಸುವ ಶ್ರಮ ಬೇಡ. ಚೌಕ ಹಾಳೆಯನ್ನು ಮೂಲೆಗಳನ್ನು ಮಡಚಿ ಅಷ್ಟಕೋನ ಮಾಡಿಕೊಂಡು, ಎಂಟು ಮೂಲೆಗಳಿಗೂ ಅಂಟುಪಟ್ಟಿ ಹಚ್ಚಿ, ತೂತು ಮಾಡಿ ಎಂಟು ದಾರ ಕಟ್ಟಿ. ದಾರ ಪ್ಯಾರಾಚೂಟಿನ ವ್ಯಾಸಕ್ಕಿಂತ ಗಿಡ್ಡವಾಗಿದ್ದರೆ ಬಾಯಿ ಪೂರ್ತಿ ಅರಳುವುದಿಲ್ಲ. ಎಂಟೂ ಒಂದೇ ಉದ್ದವಿರಬೇಕು ಎನ್ನುವುದನ್ನು ನೂಲಿನ ಮನೆಯವರಿಗೆ ಹೇಳಬೇಕಾಗಿಲ್ಲ. ನಡುವೆ 4 ಸೆಂಟಿಮೀಟರ್ ಅಗಲದ ಒಂದು ತೂತು ಮಾತ್ರ ಮರೆಯಬೇಡಿ. ಗಾರ್ನೆರಿನ್ ಇಳಿದಾಗ ಅವನ ಪ್ಯಾರಾಚೂಟಿನಲ್ಲಿ ಇಂಥ ತೂತಿರಲಿಲ್ಲ. ಒಳಗೆ ತುಂಬಿದ ಗಾಳಿ ಒಮ್ಮೆ ಈ ಅಂಚಿನಿಂದ, ಒಮ್ಮೆ ಆ ಅಂಚಿನಿಂದ ಚೆಲ್ಲಿ, ಅವನು ಕೂತಿದ್ದ ಬುಟ್ಟಿ ಉಯ್ಯಾಲೆಯಂತೆ ಜೋಲಾಡಿತು. ನಡುವಿನ ತೂತಿನಿಂದ ಗಾಳಿ ಸಮನಾಗಿ ಹೊರಹೋದರೆ ಆ ಓಲಾಟ ತಗ್ಗುತ್ತದೆ.

ಪ್ರಶ್ನೆ: ಗಗನಯಾನದ ಕೋಶಕ್ಕೆ ಹತ್ತು ಪ್ಯಾರಾಚೂಟುಗಳಿವೆ ಎಂದು ಓದಿದ್ದೇನೆ. ನಮ್ಮ ರಾಕೆಟ್ಟಿಗೆ ಒಂದೇ ಸಾಕೇ? (ಎಂಟನೇ ತರಗತಿಯ ವಿದ್ಯಾರ್ಥಿ, ಚಿಕ್ಕಬಳ್ಳಾಪುರ)

ಉತ್ತರ: ಒಂದೇ ಸಾಕು. ಆ ಹತ್ತರಲ್ಲಿ ಮುಚ್ಚಳ ತೆಗೆಯಲು ಎರಡು, ವೇಗ ತಗ್ಗಿಸಿ ಕೋಶವನ್ನು ಸ್ಥಿರಗೊಳಿಸಲು ಎರಡು, ದೊಡ್ಡವನ್ನು ಎಳೆದು ಹೊರತರಲು ಮೂರು, ಕೊನೆಗೆ ಇಳಿಸುವ ದೊಡ್ಡ ಪ್ಯಾರಾಚೂಟುಗಳು ಮೂರು. ಕೊನೆಯ ಮೂರರಲ್ಲಿ ಎರಡೇ ತೆರೆದರೂ ಕೋಶ ಸುರಕ್ಷಿತವಾಗಿ ಇಳಿಯಬಲ್ಲದು. 2023ರ ಅಕ್ಟೋಬರ್ 21ರಂದು ಶ್ರೀಹರಿಕೋಟಾದಿಂದ ನಡೆದ ಪರೀಕ್ಷೆಯಲ್ಲಿ ಕೋಶ ಪ್ಯಾರಾಚೂಟುಗಳ ನೆರವಿನಿಂದಲೇ ಬಂಗಾಳ ಕೊಲ್ಲಿಗೆ ಇಳಿಯಿತು. ಅಷ್ಟೊಂದು ಹಂತಗಳು ಬೇಕಾಗಿರುವುದು, ಆ ಕೋಶ ಇಳಿಯತೊಡಗುವಾಗ ಅದರ ವೇಗ ವಿಪರೀತ ಇರುವುದರಿಂದ. ದೊಡ್ಡ ಪ್ಯಾರಾಚೂಟನ್ನು ಒಮ್ಮೆಲೇ ಬಿಚ್ಚಿದರೆ ಮೇಲಿನ ಉತ್ತರದಲ್ಲಿ ಕಂಡ ವರ್ಗದ ಲೆಕ್ಕ ಅಲ್ಲಿಯೂ ಕಾಡುತ್ತದೆ. ನಿನ್ನ ರಾಕೆಟ್ಟಿಗೆ ತುದಿಯಲ್ಲಿ ಸೊನ್ನೆ ವೇಗದ ಒಂದು ಕ್ಷಣ ಪುಕ್ಕಟೆಯಾಗಿ ಸಿಗುತ್ತದೆ. ಅದನ್ನು ಹಿಡಿದರೆ ಉಳಿದ ಒಂಬತ್ತು ಬೇಡ.

ಪ್ರಶ್ನೆ: ನಮ್ಮದು ಗುಬ್ಬಿ ತಾಲ್ಲೂಕು, ಸುತ್ತ ತೆಂಗಿನ ತೋಟ. ಪ್ಯಾರಾಚೂಟು ಚೆನ್ನಾಗಿಯೇ ತೆರೆಯುತ್ತದೆ, ಆದರೆ ಎರಡು ರಾಕೆಟ್ಟುಗಳು ಈಗ ತೆಂಗಿನ ಮರದ ಮೇಲಿವೆ. ಮರ ಹತ್ತುವವರು ಕಾಯಿಗೆ ಬಂದಾಗ ತೆಗೆದುಕೊಡುತ್ತೇವೆ ಎನ್ನುತ್ತಾರೆ. ಏನು ಮಾಡಬೇಕು?

ಉತ್ತರ: ಪ್ಯಾರಾಚೂಟು ಚೆನ್ನಾಗಿ ತೆರೆಯುವುದೇ ನಿಮ್ಮ ಕಷ್ಟಕ್ಕೆ ಕಾರಣ. 40 ಮೀಟರ್ ಎತ್ತರದಿಂದ ಸೆಕೆಂಡಿಗೆ 4 ಮೀಟರಿನಂತೆ ಇಳಿದರೆ ಹತ್ತು ಸೆಕೆಂಡು ಗಾಳಿಯಲ್ಲಿರುತ್ತದೆ. ಮುಖಕ್ಕೆ ತಂಪಾಗಿ ತಾಗುವ, ಎಲೆ ಅಲುಗಿಸುವ ಗಾಳಿಯೂ ಸೆಕೆಂಡಿಗೆ 3 ಮೀಟರ್ ಹತ್ತಿರ ಬೀಸುತ್ತದೆ. ಹತ್ತು ಸೆಕೆಂಡಿಗೆ 30 ಮೀಟರ್ ದೂರ ತೇಲಿಸುತ್ತದೆ. ಒಂದು ಸಾಲು ತೆಂಗು ದಾಟಿ ಎರಡನೇ ಸಾಲು ತಲುಪಲು ಅಷ್ಟು ಬೇಕಾದಷ್ಟಾಯಿತು.

ಪ್ಯಾರಾಚೂಟನ್ನು 43 ಸೆಂಟಿಮೀಟರಿಗೆ ಇಳಿಸಿ. ತೇಲುವ ದೂರ ಐದರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ. ನಡುವಿನ ತೂತನ್ನು ಸ್ವಲ್ಪ ಹಿಗ್ಗಿಸಿದರೂ ಇಳಿಯುವ ವೇಗ ಹೆಚ್ಚುತ್ತದೆ. ನೀರು ಮತ್ತು ಗಾಳಿಯ ಒತ್ತಡವನ್ನು ಕಡಿಮೆ ಮಾಡಿ 25 ಮೀಟರಿಗೇ ತೃಪ್ತರಾಗುವುದೂ ಒಂದು ದಾರಿ, ಮಕ್ಕಳು ಒಪ್ಪುವುದಿಲ್ಲ ಎಂಬುದು ಬೇರೆ ಮಾತು. ರೆಕ್ಕೆಯುಳ್ಳ ರಾಕೆಟ್ಟು ಏರುವಾಗ ತಾನಾಗಿ ಗಾಳಿ ಬರುವ ದಿಕ್ಕಿಗೆ ಮೂತಿ ತಿರುಗಿಸುತ್ತದೆ, ಇಳಿಯುವಾಗ ಪ್ಯಾರಾಚೂಟು ಗಾಳಿ ಹೋಗುವ ದಿಕ್ಕಿಗೆ ತೇಲುತ್ತದೆ. ಆದ್ದರಿಂದ ಪೀಠವನ್ನು ಬಯಲಿನ ನಡುವೆ ಇಡುವ ಬದಲು ಗಾಳಿ ಬರುವ ಅಂಚಿನ ಕಡೆಗೆ ಸರಿಸಿ ಇಟ್ಟರೆ ಬಯಲಿನ ಉದ್ದವೆಲ್ಲ ಇಳಿಯಲು ಸಿಗುತ್ತದೆ. ಆಷಾಢದ ಗಾಳಿ ಗಾಳಿಪಟಕ್ಕಿರಲಿ. ನೆಲದ ಧೂಳೆದ್ದಿತೆಂದರೆ ಅಂದು ರಾಕೆಟ್ಟನ್ನು ಒಳಗಿಡಿ. ರಾಗಿ ಕೊಯ್ಲಾದ ಮೇಲಿನ ಬಯಲು ಹೊಲ, ಡಿಸೆಂಬರ್, ಜನವರಿಯ ಬೆಳಗಿನ ಎಂಟು ಗಂಟೆಯ ಒಳಗಿನ ಹೊತ್ತು, ಇವೆರಡೂ ಕೂಡಿದರೆ ಸಾಮಾನ್ಯವಾಗಿ ಪ್ಯಾರಾಚೂಟು ಹೆಚ್ಚು ದೂರ ತೇಲುವುದಿಲ್ಲ. ಮರದ ಮೇಲಿನ ರಾಕೆಟ್ಟಿಗೆ ಕಲ್ಲು ಹೊಡೆಯಲು ಮಕ್ಕಳನ್ನು ಬಿಡಬೇಡಿ, ಕಾಯಿ ಕೀಳುವವರೆಗೆ ಕಾಯುವುದೇ ಮೇಲು.

ಪ್ರಶ್ನೆ: ಪ್ಯಾರಾಚೂಟಿನ ಭಾರ ಸೇರಿದ ಮೇಲೆ ರಾಕೆಟ್ಟು ಮೊದಲಿನಷ್ಟು ಎತ್ತರ ಹೋಗುತ್ತಿಲ್ಲ. ಸೈಕಲ್ ಪಂಪಿನ ಬದಲು ಪಂಕ್ಚರ್ ಅಂಗಡಿಯ ಕಂಪ್ರೆಸರಿನಿಂದ ಗಾಳಿ ತುಂಬಿಸಬಹುದೇ? (ಓದುಗರು, ಸಿರಾ)

ಉತ್ತರ: ಖಂಡಿತ ಬೇಡ. ಕಂಪ್ರೆಸರಿನ ಗಾಳಿ ಬಾಟಲಿಯನ್ನು ಕಣ್ಣು ಮಿಟುಕಿಸುವುದರೊಳಗೆ ಒಡೆಯುವ ಮಟ್ಟಕ್ಕೆ ಒಯ್ಯಬಲ್ಲದು, ಮತ್ತು ಆಗ ಕೊಳವೆ ಹಿಡಿದವರ ಕೈ ಬಾಟಲಿಯ ಪಕ್ಕದಲ್ಲೇ ಇರುತ್ತದೆ. ಉದ್ದ ಕೊಳವೆಯಿರುವ ಸೈಕಲ್ ಪಂಪು, ಒತ್ತಡ ತೋರಿಸುವ ಮೀಟರು, 60 ಪಿಎಸ್‌ಐ ಮಿತಿ, ಐದಾರು ಮೀಟರ್ ದೂರದಿಂದ ಎಳೆದು ರಾಕೆಟ್ಟನ್ನು ಪೀಠದಿಂದ ಬಿಡಿಸುವ ದಾರ, ಇಷ್ಟರಲ್ಲಿ ಒಂದನ್ನೂ ಬಿಡುವಂತಿಲ್ಲ. ಬಾಟಲಿ ತಂಪು ಪಾನೀಯದ್ದೇ ಆಗಿರಬೇಕು. ಕುಡಿಯುವ ನೀರಿನ ತೆಳು ಬಾಟಲಿ ಒತ್ತಡಕ್ಕೆಂದು ಮಾಡಿದ್ದಲ್ಲ. ಗೀರು ಬಿದ್ದದ್ದು, ಮಡಿಕೆ ಬಿದ್ದು ಬೆಳ್ಳಗಾದದ್ದು, ನೆಲಕ್ಕೆ ಗುದ್ದಿ ನೆಗ್ಗಿದ್ದು ಯಾವುದನ್ನೂ ಮತ್ತೆ ತುಂಬಬೇಡಿ. ಹೊಸ ಬಾಟಲಿಯ ಬಲ ನೋಡಬೇಕೆಂದರೆ ಅಂಚಿನವರೆಗೆ ನೀರು ತುಂಬಿ ಪಂಪು ಮಾಡಿ ನೋಡಿ. ನೀರು ಗಾಳಿಯಂತೆ ಕುಗ್ಗುವುದಿಲ್ಲವಾದ್ದರಿಂದ, ಒಡೆದರೂ ಸಿಡಿಯದೆ ಸೋರಿಹೋಗುತ್ತದೆ.

ಎತ್ತರ ಬೇಕಿದ್ದರೆ ತೂಕ ಕಡಿಮೆ ಮಾಡಿ. ಹಲಗೆಯ ರೆಕ್ಕೆಗಳನ್ನು ತೆಗೆದು, ಜಾಹೀರಾತು ಫಲಕಕ್ಕೆ ಬಳಸುವ ಸನ್‌ಪ್ಯಾಕ್ ಹಾಳೆಯ ರೆಕ್ಕೆ ಹಾಕಿ. ಆಟಿಕೆಯ ಪೆಟ್ಟಿಗೆಗೆ ಅಂಟಿಕೊಂಡಿರುವ ಕಾಲು, ಕೊಕ್ಕುಗಳನ್ನು ಕತ್ತರಿಸಿ. ಸುತ್ತಿದ ಅಂಟುಪಟ್ಟಿಯಲ್ಲಿ ಅರ್ಧ ಬಿಚ್ಚಿ. ಬಿಚ್ಚಿದ ಪಟ್ಟಿಯನ್ನೆಲ್ಲ ಉಂಡೆ ಮಾಡಿ ತಕ್ಕಡಿಗೆ ಹಾಕಿದರೆ, ಪ್ಯಾರಾಚೂಟಿಗಿಂತ ಅದೇ ಭಾರವಿರುವುದು ಬಹಳ ಸಲ ಕಂಡಿದ್ದೇನೆ.